ಬೆಳವಕ್ಕಿಯ ಗಂಟಲು, ಅತ್ತೆಯ ಬಟ್ಟಲು

ಇನ್ನೂ ಬೆಳಕು ಹರಿದಿಲ್ಲ. ಪಕ್ಷಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹೆಂಗಸೊಬ್ಬರು ಬೆಳವಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಉಗುರು ತಾಗದಂತೆ ಕೊಕ್ಕು ಬಿಡಿಸುತ್ತಾರೆ. ಗಂಟಲಿಗೆ ಅಡ್ಡವಾಗಿ ಹಳದಿ ಗಂಟು, ಒಡೆದ ಹಾಲಿನ ಗಟ್ಟಿಯ ಹಾಗೆ.

"ಹಸಿವಿರುತ್ತೆ ಪಾಪ. ಕಾಳು ಬಾಯಿಗೆ ಹಾಕ್ಕೊಳ್ಳುತ್ತೆ, ನುಂಗೋಕಾಗಲ್ಲ" ಎನ್ನುತ್ತಾ ಔಷಧಿ ಬಿಡುತ್ತಾರೆ.

ಎಲ್ಲರ ಬಾಯಲ್ಲೂ ಇವರು 'ಪಂಜರದಕ್ಕ'. ದಿನವಿಡೀ ಪಂಜರ ತೊಳೆಯುವುದು, ಹಕ್ಕಿ ಹಿಡಿದುಕೊಳ್ಳುವುದು ಇವರ ಕೆಲಸ. ಈ ಗಂಟಲು ರೋಗ ತರುವುದು ಕಣ್ಣಿಗೆ ಕಾಣದ, ಒಂದೇ ಜೀವಕೋಶದ ಪರಾವಲಂಬಿ. ಹರಡುವುದು ಎಂಜಲಿನಿಂದ. ಹತ್ತು ಹಕ್ಕಿ ಕೊಕ್ಕಿಡುವ ನೀರಿನ ಬಟ್ಟಲು ಅದಕ್ಕೆ ರಾಜಬೀದಿ.

ಗಂಡ ಲಾರಿ ಚಾಲಕ. ಮನೆಯಲ್ಲಿ ಬಹುಪಾಲು ಅತ್ತೆ, ಸೊಸೆ ಇಬ್ಬರೇ. ಮಹಡಿಯ ಮೇಲೆ ಹಕ್ಕಿಗಳಿಗೆ ನೀರಿಡುವುದು ಅತ್ತೆಯ ಹಳೆಯ ಅಭ್ಯಾಸ. ಹೋದ ಬೇಸಿಗೆಯಲ್ಲಿ ಅಲ್ಲೇ ಎರಡು ಬೆಳವಕ್ಕಿ ಸತ್ತು ಬಿದ್ದವು. ಬಾಯಿ ಬಿಡಿಸಿ ನೋಡಿದರೆ ಅದೇ ಹಳದಿ. ಸೊಸೆ ಒಂದು ಮಾತೂ ಕೇಳದೆ ಬಟ್ಟಲು ಬೋರಲು ಹಾಕಿದರು.

"ಅತ್ತೆ ಕೆಂಡವಾದ್ರು. 'ನೀರಿಟ್ಟ ನಾನು ಕೊಲೆಗಾತಿ ಏನೇ? ರೋಗದ ಪಂಜರ ತೊಳೆದು ಬರೋಳು ನೀನು. ನಿನ್ನ ಸೆರಗಲ್ಲೇ ಬಂದಿರಬಾರ್ದಾ?' ಅಂದ್ರು. ಮಾರನೇ ದಿನ, 'ಸೀರೇಲಿ ಈ ರೋಗ ಬರುತ್ತಾ' ಅಂತ ಡಾಕ್ಟರನ್ನ ಕೇಳಿದ್ರೆ, 'ಒಣಗಿದ್ರೆ ಅದು ಬದುಕಲ್ಲ ಅಕ್ಕ, ಆದ್ರೆ...' ಅಂತ ನಿಲ್ಲಿಸಿಬಿಟ್ರು. ಆ 'ಆದ್ರೆ' ಇನ್ನೂ ತಲೆ ಕೊರೀತಿದೆ."

ಬೋರಲಾದ ಬಟ್ಟಲಿನ ಸುತ್ತ ಹಕ್ಕಿಗಳು ಬಾಯಿ ತೆರೆದು ಕೂರುತ್ತಿದ್ದವು. ಅತ್ತೆ ಮಾತು ಬಿಟ್ಟರು. ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ! ಎರಡು ಬಸ್ಸು ಬದಲಿಸಿ ಬಂದಿದ್ದಾರೆ. ಮಡಿಲಲ್ಲಿ ತೂಕಡಿಸುವ ಬೆಳವಕ್ಕಿ. "ನಮ್ಮ ಸೊಸೆ ಎಲ್ಲಿ? ಕರೀರಿ" ಎಂದರಂತೆ.

ಆ ಹಕ್ಕಿ ಬದುಕಿತು. ಈಗ ಬಟ್ಟಲನ್ನು ದಿನವೂ ಇಬ್ಬರಲ್ಲೊಬ್ಬರು ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಹೊಸ ನೀರು ತುಂಬುತ್ತಾರೆ. ಆದರೂ ಮೊನ್ನೆ ಮಹಡಿಯಲ್ಲಿ ಮತ್ತೊಂದು ಸತ್ತಿತ್ತು.

"ಇಟ್ರೆ ರೋಗ, ಇಡದಿದ್ರೆ ದಾಹ. ಮಾಡ್ತಿರೋದು ಸರಿಯೋ ತಪ್ಪೋ, ದೇವರಾಣೆ ಗೊತ್ತಾಗ್ತಿಲ್ಲ. ಬೆಳಗಾದ್ರೆ ಮಾತ್ರ ಕೈ ತಾನಾಗೇ ಬಟ್ಟಲು ತಿಕ್ಕುತ್ತೆ."

ಅತ್ತೆ ಈಗ ಏನನ್ನುತ್ತಾರೆ ಎಂದು ಕೇಳುತ್ತೇನೆ. ಪಂಜರದಕ್ಕ ಮುಖ ತಿರುಗಿಸಿ ನಗುತ್ತಾರೆ.

"ಪಕ್ಕದ ಮನೆಯವರ ಹತ್ರ, 'ಎಂಥ ಹಕ್ಕಿಯಾದ್ರೂ ನನ್ನ ಸೊಸೆ ಕೈಲಿ ಬಾಯಿ ಬಿಡುತ್ತೆ' ಅಂತಾರಂತೆ. ನನ್ನ ಮುಂದೆ ಮಾತ್ರ ಅವರು ಬಾಯೇ ಬಿಡಲ್ಲ."