ಮೂರನೇ ಕೋಣೆಯ ಘಾಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಮೂಗಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಸುರಪುರದ ತವರಿನಲ್ಲಿ ಬೇಳೆ ತಳ ಹತ್ತುವ ಮೊದಲೇ ಅಂಗಳದಿಂದ ಕೂಗಿ ಹೇಳುತ್ತಿದ್ದವಳು ನಾನು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಶಹಾಪುರಕ್ಕೆ ಬಂದು, ಯಾದಗಿರಿ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ ಕೇಳಲು ಹೋದಾಗ ಸಾವುಕಾರರಿಗೂ ಇದನ್ನೇ ಹೇಳಿದ್ದೆ.

ಅಲ್ಲಿದ್ದ ಮಾಲು ಒಂದೇ, ಒಣಮೆಣಸಿನಕಾಯಿ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಮೆಣಸಿನಕಾಯಿ ಬೆಳೆಯುವವರು ಹೆಚ್ಚಿದ್ದಾರೆ. ದರ ಬರುವವರೆಗೆ ಚೀಲಗಳು ತಂಪಿನಲ್ಲಿ ಮಲಗಿರುತ್ತವೆ. ಮೂರು ಕೋಣೆ, ಮೂರರಲ್ಲೂ ಸೂರಿನವರೆಗೆ ಕೆಂಪು.

ನಾನು ಸೇರಿದ ನಾಲ್ಕನೇ ವರ್ಷ ಹೊರದೇಶದ ಸೇಬು ತರಿಸುವ ವ್ಯಾಪಾರಿಯೊಬ್ಬರು ಮೂರನೇ ಕೋಣೆ ಕೇಳಿದರು. ಹೊರಗಿನಿಂದ ಬಂದ ಹಣ್ಣನ್ನು ನೇರ ಸಂತೆಗೆ ಒಯ್ಯುವಂತಿಲ್ಲ. ಅಧಿಕಾರಿಗಳು ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ವರದಿ ಬರುವವರೆಗೆ ಮಾಲು ಬೀಗದೊಳಗೆ ಇರಬೇಕು. ಅಂಥ ಮಾಲು ಇಡಲು ಕೋಣೆ ಯೋಗ್ಯ ಎಂಬ ಪ್ರಮಾಣಪತ್ರ ಬೇಕು. ಅದುವರೆಗೆ ವರ್ಷ ವರ್ಷ ನನ್ನ ಕೆಲಸದ ಕರಾರು ಮುಂದುವರಿಸುತ್ತಿದ್ದ ಸಾವುಕಾರರು, “ಪತ್ರ ಬಂತಂದ್ರ ನಿಮ್ ನೌಕ್ರಿ ಕಾಯಂ ನೋಡ್ರಿ” ಎಂದರು. ನಾನು ಸೆರಗು ಸಿಕ್ಕಿಸಿದೆ.

ಮನೆಯಲ್ಲಿ ಮಾತ್ರ ನನಗೆ ನೆಮ್ಮದಿ ಇರಲಿಲ್ಲ. ಮಗಳಿಗೆ ಆಗ ಐದು ವರ್ಷ. ಸಂಜೆ ಬಸ್ಸಿಳಿದು ಬಂದು ಕೈ ಚಾಚಿದರೆ ಅಜ್ಜಿಯ ಹಿಂದೆ ಓಡುತ್ತಿದ್ದಳು. ಬಿಸ್ಕೀಟು ತಂದರೆ ದೂರದಿಂದಲೇ ತೋಳು ನೀಡಿ ಇಸಿದುಕೊಂಡು ಹೋಗಿಬಿಡುತ್ತಿದ್ದಳು. ಅವಳು ಏಳುವ ಮೊದಲೇ ನಾನು ಮನೆ ಬಿಡುತ್ತೇನಲ್ಲ, ಅದರ ಸಿಟ್ಟು ಎಂದುಕೊಂಡಿದ್ದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅತ್ತೆ ನಗುತ್ತ ಅಂದದ್ದು ಎದೆಗೆ ನಾಟಿತ್ತು. ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದೆ.

ಮೂರನೇ ಕೋಣೆಯ ಚೀಲಗಳನ್ನು ರೈತರು ಒಯ್ದ ಮೇಲೆ ಬಾಗಿಲಿನ ರಬ್ಬರು ಬದಲಾಯಿಸಿದೆವು. ಥರ್ಮಾಮೀಟರುಗಳನ್ನು ತಪಾಸಣೆಗೆ ಕಳಿಸಿ ಚೀಟಿ ತರಿಸಿದೆವು. ತಡೆಹಿಡಿದ ಮಾಲಿಗೆಂದು ಒಂದು ಮೂಲೆಗೆ ಜಾಲರಿ ಹೊಡೆಸಿದೆವು. ಎಂಟು ದಿನ ಬಿಸಿನೀರು, ಸೋಡಾ ಹಾಕಿ ಗೋಡೆ, ನೆಲ, ಚೀಲದ ಕೆಳಗಿನ ಕಟ್ಟಿಗೆ ಹಲಗೆಗಳನ್ನು ತಿಕ್ಕಿಸಿದೆ. ಚೀಲ ಹೊರುವ ಹಮಾಲರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಮೂಸಿ ನೋಡಲು ಹೇಳಿದೆ. ಏನೂ ಇಲ್ಲ ಎಂದರು. ನಾನೂ ಕೋಣೆಯ ನಡುವೆ ಕಣ್ಣು ಮುಚ್ಚಿ ನಿಂತು ಉಸಿರೆಳೆದೆ. ಏನೂ ಇರಲಿಲ್ಲ. ರಿಜಿಸ್ಟರಿನಲ್ಲಿ “ವಾಸನೆ ಇಲ್ಲ” ಎಂದು ಬರೆದು ಸಹಿ ಹಾಕಿದೆ.

ತಪಾಸಣೆಯ ಬೆಳಿಗ್ಗೆ ಹೋಗಿ ನೋಡಿದರೆ ಅದೇ ಕೋಣೆಯ ಬಾಗಿಲಿಗೆ ಹಮಾಲರು ದೃಷ್ಟಿಗೆಂದು ಲಿಂಬೆಹಣ್ಣು, ಮೆಣಸಿನಕಾಯಿ ಸರ ಕಟ್ಟಿದ್ದರು. ಎಂಟು ದಿನ ಮೆಣಸಿನಕಾಯಿ ತೊಳೆದು, ಒಂಬತ್ತನೇ ದಿನ ಮೆಣಸಿನಕಾಯಿ ಕಟ್ಟುವ ಜನ ನಾವು. ಎಗರಾಡಿ ಬಿಚ್ಚಿಸಿದೆ.

ಹೈದರಾಬಾದಿನಿಂದ ಬಂದ ಅಧಿಕಾರಿ ತೆಳ್ಳಗಿನ ಮನುಷ್ಯ. ಕಾಗದ, ಜಾಲರಿ, ಬೀಗ ಎಲ್ಲ ನೋಡಿ ತಲೆಯಾಡಿಸಿದರು. ಕೋಣೆಯೊಳಗೆ ಕಾಲಿಟ್ಟವರು ಒಂದು ಸೀನು ಸೀನಿದರು. ಮತ್ತೆ ಮೂರು. ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, ವಾಸನೆ ಇಲ್ಲ ಎಂದು ಬರೆದದ್ದು ಯಾರೆಂದು ಹಿಂದಿಯಲ್ಲಿ ಕೇಳಿದರು. ನಾನೇ ಎಂದೆ. ನಿಮಗೆ ನೆಗಡಿಯಾಗಿತ್ತೇ ಎಂದು ಕೇಳಿದರು, ವ್ಯಂಗ್ಯವಿಲ್ಲದೆ. ಸೇಬು ಬಹಳ ಬೇಗ ವಾಸನೆ ಹೀರುತ್ತದೆ, ಮೂರು ವಾರದಲ್ಲಿ ಘಾಟು ಹೋಗದಿದ್ದರೆ ಅರ್ಜಿ ತಿರಸ್ಕರಿಸುವುದಾಗಿ ಬರೆದುಕೊಟ್ಟು ಹೋದರು. ಆ ದಿನ ನಾನು ಕಂಡಕಂಡವರನ್ನೆಲ್ಲ ಬೈದೆ.

ದಾರಿ ತೋರಿಸಿದ್ದು ಕಸ ಗುಡಿಸುವ ಮುದುಕಿ. ನನಗಿಂತ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿದ್ದವಳು. “ಅಕ್ಕೋರ, ನಮ್ ಮೂಗು ಯಾವಾಗೋ ಸತ್ತಾವ್ರಿ. ಒಂದ್ ಬೋಗಾಣ್ಯಾಗ ಹಾಲ ಇಡ್ರಿ. ಹಾಲು ಸುಳ್ಳ ಹೇಳಂಗಿಲ್ಲ” ಎಂದಳು. ಉಳ್ಳಾಗಡ್ಡಿ ಬುಟ್ಟಿಯ ಬದಿಗೆ ಇಟ್ಟ ಹಾಲು ಉಳ್ಳಾಗಡ್ಡಿ ನಾರುವುದು ನನಗೂ ಗೊತ್ತಿತ್ತು. ಸಂಜೆ ಖಾಲಿ ಕೋಣೆಯಲ್ಲಿ ತೆರೆದ ಪಾತ್ರೆಯಲ್ಲಿ ಹಾಲಿಟ್ಟು ಬಾಗಿಲು ಹಾಕಿದೆವು. ಬೆಳಿಗ್ಗೆ ಕಾಯಿಸಿ ಚಹಾ ಮಾಡಿ ಎಲ್ಲರೂ ಕುಡಿದೆವು. ಚಹಾ ಚೆನ್ನಾಗಿದೆ ಎಂದು ಹಮಾಲರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ನನಗೂ ರುಚಿಯಾಗಿಯೇ ಇತ್ತು. ಸತ್ತ ಮೂಗಿನವರೇ ಕುಡಿದು, ಕೋಣೆಯಲ್ಲಿ ಘಾಟಿಲ್ಲ ಎಂದು ತೀರ್ಪು ಕೊಡುತ್ತಿದ್ದೇವೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹಾಲು ಉಳಿದಿತ್ತು. ಹಾಲು ಚೆಲ್ಲಬಾರದೆಂದು ಡಬ್ಬಿಯಲ್ಲಿ ಮನೆಗೆ ತಂದೆ. ಅತ್ತೆ ಮತ್ತೊಮ್ಮೆ ಕಾಯಿಸಿ, ಸಕ್ಕರೆ ಹಾಕಿ ಮೊಮ್ಮಗಳಿಗೆ ಕೊಟ್ಟರು. ಎಲ್ಲಿಯ ಹಾಲೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

“ಅಜ್ಜಿ, ಈ ಹಾಲು ಅವ್ವನ ವಾಸನಿ ಬರ್ತದ.”

ನನ್ನ ವಾಸನೆ ಹೇಗಿರುತ್ತದೆ ಎಂದು ಕೇಳಿದೆ. “ಖಾರಂದು. ನೀ ಬಾಜೂಕ ಬಂದ್ರ ನನ್ ಕಣ್ ಉರೀತಾವ” ಎಂದಳು, ಇದೇನು ಹೊಸದೇ ಎಂಬಂತೆ.

ನನ್ನ ಸೀರೆಯಲ್ಲಿ, ಜಡೆಯಲ್ಲಿ, ಬೆರಳ ಸಂದಿಯಲ್ಲಿ ನಾಲ್ಕು ವರ್ಷದ ಮೆಣಸಿನಕಾಯಿ ಇತ್ತು. ಇಲ್ಲದ ಸಿಟ್ಟನ್ನು ಕೂಸಿನ ಮೇಲೆ ಹೊರಿಸಿ ನಾನೇ ಅವಳ ಮೇಲೆ ಮುನಿಸಿಕೊಂಡಿದ್ದೆ. ಅತ್ತೆಗೆ ಗೊತ್ತಿತ್ತಂತೆ. ದಣಿದು ಬಂದವಳಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದರಂತೆ. ನಾಚಿಕೆಯಿಂದ ಅತ್ತುಬಿಟ್ಟೆ.

ಮರುದಿನ ಸಾವುಕಾರರ ಎದುರು ನಿಂತು, ಕೋಣೆ ಇನ್ನೂ ಶುದ್ಧವಾಗಿಲ್ಲ, ನನ್ನ ಮೂಗು ಕೆಟ್ಟಿದೆ ಎಂದು ಒಪ್ಪಿಕೊಂಡೆ. ತಂಪು ಗಾಳಿ ಊದುವ ಫ್ಯಾನುಗಳ ಮುಚ್ಚಳ ಬಿಚ್ಚಿಸಿದರೆ ಹಿಂದಿನ ತಗಡಿನ ಸಂದಿಗಳಲ್ಲಿ ಕೆಂಪು ಪುಡಿ ಅಂಟಿ ಕುಳಿತಿತ್ತು. ನಾವು ತೊಳೆದ ಗೋಡೆಗೆ ಅದು ದಿನವೂ ಖಾರ ಊದುತ್ತಿತ್ತು. ಅದನ್ನು ತೊಳೆಸಿ, ಕಟ್ಟಿಗೆ ಹಲಗೆಗಳನ್ನು ಹೊರಹಾಕಿ ಪ್ಲಾಸ್ಟಿಕ್ಕಿನವು ತರಿಸಿದೆವು. ಮೂರನೇ ವಾರದ ಕೊನೆಗೆ ಮತ್ತೆ ಹಾಲಿಟ್ಟೆವು. ಈ ಸಲ ಯಾರಿಗೂ ಚಹಾ ಮಾಡಿಕೊಡಲಿಲ್ಲ, ನೇರ ಮನೆಗೆ ತಂದೆ.

ಮಗಳು ಗಟಗಟ ಕುಡಿದು ಖಾಲಿ ಲೋಟ ಬೋರಲು ಮಾಡಿ ತೋರಿಸಿದಳು. “ಈ ಹಾಲಿನ್ಯಾಗ ನೀ ಇಲ್ಲ” ಎಂದಳು.

ಮುಂದೆ ಅಧಿಕಾರಿ ಬಂದು ಒಂದೂ ಸೀನು ಸೀನದೆ ಸಹಿ ಹಾಕಿದರು, ನೌಕರಿಯೂ ಕಾಯಂ ಆಯಿತು. ಆದರೆ ಆ ಸಂಜೆ ಅದಾವುದೂ ತಲೆಯಲ್ಲಿರಲಿಲ್ಲ. ಲೋಟ ಹಿಡಿದ ಮಗಳು ಇನ್ನೂ ಎರಡು ಮಾರು ದೂರದಲ್ಲೇ ನಿಂತಿದ್ದಳು. ಅಷ್ಟು ದಿನ ಕೋಣೆ ತೊಳೆಸಿ, ಅವಳು ಮಲಗಿದ ಮೇಲೆಯೇ ಮನೆಗೆ ಬರುತ್ತಿದ್ದೆ. ನಾನು ಬಚ್ಚಲಿಗೆ ಹೋಗಿ, ಸೀರೆಯನ್ನು ನೆನೆಹಾಕಿ, ಸೀಗೆಪುಡಿ ಹಚ್ಚಿ ತಲೆಗೆ ಮೂರು ಸಲ ನೀರು ಹಾಕಿಕೊಂಡೆ. ಟ್ರಂಕಿನಲ್ಲಿದ್ದ ಸೀರೆ ಉಟ್ಟು ಪಡಸಾಲೆಯಲ್ಲಿ ಕುಳಿತೆ, ಕರೆಯಲಿಲ್ಲ. ಅವಳು ಮೆಲ್ಲಗೆ ಬಂದು ನನ್ನ ಕುತ್ತಿಗೆ ಮೂಸಿದಳು. ಕೈ ಹಿಡಿದು ಬೆರಳುಗಳನ್ನೂ ಮೂಸಿದಳು. ಆಮೇಲೆ ತೊಡೆಯ ಮೇಲೆ ಕುಳಿತುಕೊಂಡಳು.