ಎಲ್ಲಕ್ಕಿಂತ ಮೇಲಿದ್ದ ಪ್ರಕಟಣೆ

ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸು ಮಹಾಗಾಂವ ದಾಟುವ ಮೊದಲೇ ಪಂಕ್ಚರ್ ಆಗಬಹುದಿತ್ತು. ಹೆಂಡತಿಯ ಅಂಕಪಟ್ಟಿಗಳಿದ್ದ ಚೀಲ ಸೀಟಿನ ಕೆಳಗೇ ಉಳಿಯಬಹುದಿತ್ತು. ಝೆರಾಕ್ಸ್ ಪ್ರತಿಗಳ ಮೇಲಿನ ಮೊಹರು ಮಸುಕಾಗಿದೆ ಎಂದು ಯಾರಾದರೂ ತಿರಸ್ಕರಿಸಬಹುದಿತ್ತು. ಅವಳ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ನಾನೇ ಅವಳನ್ನು ಚಹಾಕ್ಕೆ ಕರೆದೊಯ್ದಿರಬಹುದಿತ್ತು. ಇವನ್ನೆಲ್ಲ ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಅದು ಕಳೆದರೆ ಇರಲಿ ಎಂದು ಇನ್ನೊಂದು ಪ್ರತಿಯನ್ನೂ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಆಯ್ಕೆಯಾಗಿದ್ದಳು. ಕೌನ್ಸೆಲಿಂಗ್ ದಿನ ಹೆಸರು ಕೂಗಿದಾಗ ಎದುರಿಗಿದ್ದರೆ ನಮ್ಮೂರು ಕಮಲಾಪುರದ ಶಾಲೆಯನ್ನೇ ಕೇಳಬಹುದು. ಇಲ್ಲದಿದ್ದರೆ ಕೊನೆಗೆ ಯಾವ ಮೂಲೆಯದು ಉಳಿಯುತ್ತದೋ ಅದು.

ಆ ದಿನ ಯಾವುದೆಂದು ಹುಡುಕಲು ನಾನು ಕಲಬುರಗಿಯ ಸೇಡಂ ರಸ್ತೆಯ ಸೈಬರ್ ಕೆಫೆಗೆ ಹೋಗಿದ್ದೆ. ಸರ್ಚ್ ಮಾಡಿದರೆ ಪರದೆಯ ತುಂಬ ಸಾಲುಗಳು ಬಂದವು. ಮೊದಲನೆಯದನ್ನೇ ಪ್ರಿಂಟ್ ಕೊಡಲು ಹೇಳಿದೆ.

“ಕೆಳಗಿನೂವೂ ಒಂದಿಷ್ಟು ನೋಡ್ರಿ ಸರ,” ಎಂದ ಕೆಫೆಯ ಮಾಲೀಕ. “ಇದು ಹೊಸಾದು ಹಳೇದು ನೋಡಂಗಿಲ್ಲ. ಹೆಚ್ಚು ಮಂದಿ ಯಾವದನ್ನ ನೋಡ್ಯಾರ, ಅದನ್ನ ಮ್ಯಾಲ ತರ್ತದ.”

“ಅಷ್ಟು ಮಂದಿ ನೋಡ್ಯಾರಂದ್ರ ಖರೇನೇ ಇರ್ತದಲ್ರಿ,” ಎಂದೆ.

ನಮ್ಮ ಕಚೇರಿಯಲ್ಲಿ ಹೊಸ ಕಾಗದ ಬಂದರೆ ಕಡತದ ಮೇಲೇ ಇಡುತ್ತೇವೆ. ಹಳೆಯದು ಬೇಕಾದವರು ಕೆಳಗೆ ಕೈ ಹಾಕಬೇಕು. ಹತ್ತು ವರ್ಷ ಹೀಗೇ ನೋಡಿದವನಿಗೆ ಮೇಲಿನದು ಹೊಸದಲ್ಲ ಎಂಬುದು ಹೊಳೆಯಲೇ ಇಲ್ಲ. ಪ್ರಿಂಟಿನಲ್ಲಿ ತಿಂಗಳು, ದಿನ, ಸಮಯ ದೊಡ್ಡದಾಗಿದ್ದವು. ಇಸವಿ ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿತ್ತು. ಅದನ್ನು ನೋಡಲಿಲ್ಲ. ಈಗ ಯಾವ ಇಸವಿ ಎಂಬುದು ನನಗೆ ಮೊದಲೇ ಗೊತ್ತಿತ್ತಲ್ಲ.

ಹತ್ತು ಗಂಟೆಯ ಕೌನ್ಸೆಲಿಂಗಿಗೆ ಇಬ್ಬರೂ ಎಂಟಕ್ಕೇ ಕಲಬುರಗಿಯ ಶಿಕ್ಷಣ ಇಲಾಖೆ ಕಚೇರಿಯ ಗೇಟಿನ ಮುಂದೆ ನಿಂತೆವು. ಬೇರೆ ಯಾರೂ ಇರಲಿಲ್ಲ. ನಮಗಿಂತ ಮುಂದೆ ಯಾರೂ ಇಲ್ಲವೆಂದು ಸಮಾಧಾನವಾಯಿತು. ಕಾವಲುಗಾರ ಬಂದು ಕಾಗದ ಇಸಿದುಕೊಂಡು ಓದಿದ.

“ಇದು ಹೋದ ವರ್ಷದ್ದದರೀ ಸಾಹೇಬ್ರ. ಈ ಸಲದ್ದು ಶುಕ್ರವಾರ ಅದ.”

ಅಂದು ಸೋಮವಾರ.

ಹೆಂಡತಿ ನನ್ನ ಮುಖ ನೋಡಿದಳು. “ಲಗೂ ಹೋಗೂಣು ಅಂತಿದ್ರಿ. ನಾಕು ದಿನ ಸಾಕೇನ್ರಿ?”

ನಾನು ಜೇಬಿನ ಪಟ್ಟಿ ತೆಗೆದು ನೋಡಿದೆ; ಇದೊಂದು ಅದರಲ್ಲಿರಲಿಲ್ಲ.

“ಶುಕ್ರವಾರ ನಾ ಒಬ್ಬಾಕೇ ಬರ್ತೀನಿ. ನೀವು ಮನ್ಯಾಗ ಕುಂತು ಚಿಂತಿ ಮಾಡ್ರಿ.”

ಹಾಗೆಯೇ ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಿದೆವು. ಅವಳಿಗೆ ಕಮಲಾಪುರವೇ ಸಿಕ್ಕಿತು.