ಟ್ಯೂಬಿನ ಮುಖವಾಡ, ಸರಳಿನ ಈಟಿ: ಖಣಿಗಿಳಿಯುವ ಅಹಮದಸಾಬರು

ಹೆಬ್ಬಳ್ಳಿ ಊರಾಚೆಯ ಹಳೆಯ ಕಲ್ಲುಖಣಿಯಲ್ಲಿ ನೀರು ಇನ್ನೂ ಅಲುಗಾಡಿಲ್ಲ. ಎಮ್ಮೆ ಮೈ ತೊಳೆಯುವವರು ಬಂದರೆ ಕೆಸರೆದ್ದು ಒಳಗೆ ಏನೂ ಕಾಣುವುದಿಲ್ಲ. ಹಾಗಾಗಿ ಅಹಮದಸಾಬರ ಕೆಲಸವೇನಿದ್ದರೂ ಬೆಳಕು ಹರಿಯುತ್ತಿದ್ದ ಹಾಗೆಯೇ. ಅರವತ್ತೆಂಟರ ಈ ಮನುಷ್ಯ ಬನಿಯನ್ ಕಳಚಿ ಬಂಡೆಯ ಮೇಲಿಡುತ್ತಾರೆ. ಲಾರಿ ಟ್ಯೂಬು ಕತ್ತರಿಸಿ ತಾವೇ ಮಾಡಿಕೊಂಡ ಮುಖವಾಡದ ಗಾಜಿಗೆ ಥೂ ಎಂದು ಉಗುಳಿ ಬೆರಳಲ್ಲಿ ತಿಕ್ಕುತ್ತಾರೆ. ನಾನು ಮುಖ ಕಿವುಚಿದ್ದು ಅವರ ಕಣ್ಣಿಗೆ ಬೀಳುತ್ತದೆ.

“ಹೇಸಬ್ಯಾಡ್ರಿ. ಹಿಂಗ ಮಾಡಿದ್ರ ಗಾಜಿಗೆ ಉಗಿ ಹಿಡಿಯಂಗಿಲ್ಲ,” ಎಂದು ನಗುತ್ತಾರೆ.

ಸೊಂಟಕ್ಕೊಂದು ಹಗ್ಗ. ಅದರ ಇನ್ನೊಂದು ತುದಿ ದಂಡೆಯ ಮೇಲೆ ಕೂತ ಗುರುಶಿದ್ದಪ್ಪನವರ ಕೈಯಲ್ಲಿ. ಇವರು ಇದೇ ಊರಿನ ರೈತರು, ಅಹಮದಸಾಬರ ಹರೆಯದ ಗೆಳೆಯ. ಒಂದು ಸಲ ಜಗ್ಗಿದರೆ ಆರಾಮಿದ್ದೇನೆ ಎಂದು, ಎರಡು ಸಲ ಜಗ್ಗಿದರೆ ಎಳೆ ಎಂದು. ತಮಾಷೆ ಏನೆಂದರೆ, ಐವತ್ತು ವರ್ಷದಿಂದ ಹಗ್ಗ ಹಿಡಿಯುತ್ತಿರುವ ಗುರುಶಿದ್ದಪ್ಪನವರಿಗೆ ಈಜೇ ಬರುವುದಿಲ್ಲ. ಮೀನಂತೂ ಮನೆಯ ಹೊಸ್ತಿಲು ದಾಟುವಂತಿಲ್ಲ. ಮತ್ತೇಕೆ ಇವರೇ ಬೇಕು ಎಂದು ಕೇಳಿದೆ.

“ಈಜ ಬರೋರು ಮ್ಯಾಲ ಸುಮ್ನ ಕುಂದ್ರಂಗಿಲ್ರಿ. ಸ್ವಲ್ಪ ತಡಾ ಆದ್ರ ಸಾಕು, ಹಗ್ಗಾ ಒಗದು ತಾವೂ ಜಿಗೀತಾರ,” ಎಂದರು ಅಹಮದಸಾಬರು. “ಈಂವಗ ಜಿಗ್ಯಾಕ ಬರಂಗಿಲ್ಲ. ಅದಕ್ಕ ಹಗ್ಗಾ ಬಿಡಂಗಿಲ್ಲ.”

“ಸಾಕ್ ಸುಮ್ನಿರ್ಲೇ, ಪೇಪರಿನವರ ಮುಂದ ನನ್ನ ಮಾನಾ ಕಳೀಬ್ಯಾಡ,” ಎಂದು ಗುರುಶಿದ್ದಪ್ಪ ಗದರಿದರು. ಹಗ್ಗವನ್ನು ಮಾತ್ರ ಇನ್ನೊಂದು ಸುತ್ತು ಮುಂಗೈಗೆ ಸುತ್ತಿಕೊಂಡರು.

ಇಂದು ಇವರಿಬ್ಬರೂ ಬಂದಿರುವುದು ಮೋಜಿಗಲ್ಲ. ಊರಿನ ಮಹಿಳಾ ಸಂಘವೊಂದು ಪಂಚಾಯಿತಿಯಿಂದ ಈ ಖಣಿಯನ್ನು ಮೀನು ಸಾಕಲು ಗುತ್ತಿಗೆ ಹಿಡಿದಿದೆ. ಕಳೆದ ವರ್ಷ ಬಿಟ್ಟ ಕಾಟ್ಲಾ, ರೋಹು ಮರಿಗಳನ್ನೆಲ್ಲ ಮೀಸೆ ಮೀನುಗಳು ನುಂಗಿ ನೀರು ಕುಡಿದವು. ಆಫ್ರಿಕಾ ತಳಿಯ ಈ ಹೊಟ್ಟೆಬಾಕಗಳನ್ನು ಯಾವ ಪುಣ್ಯಾತ್ಮ ತಂದು ಬಿಟ್ಟನೋ ಗೊತ್ತಿಲ್ಲ. ಬಲೆ ಬೀಸಿದರೆ ತಳದ ಚೂಪು ಕಲ್ಲಿಗೆ ಸಿಕ್ಕಿ ಹರಿಯುತ್ತದೆ. ವಿಷ ಹಾಕೋಣವೆಂದರೆ ದನಕರು ಕುಡಿಯುವ ನೀರು. ಕೆಲವು ವಾರಗಳಿಂದ ಅಹಮದಸಾಬರು ಒಂದೊಂದಾಗಿ ಈಟಿಯಿಂದ ತಿವಿದು ತೆಗೆಯುತ್ತಿದ್ದಾರೆ. ಎಲ್ಲಕ್ಕಿಂತ ದೊಡ್ಡದೊಂದು ಮಾತ್ರ ಬಂಡೆಯ ಸಂದಿಯಲ್ಲಿ ಕೂತು ಆಟವಾಡಿಸುತ್ತಿದೆ. ಈ ವರ್ಷದ ಮರಿಗಳನ್ನು ಹೊತ್ತ ಗಾಡಿ ಆಗಲೇ ಹೊರಟಾಗಿದೆ.

“ಮರಿ ಬರೂದ್ರಾಗ ಅದು ಹೊರಗ ಬರಬೇಕ್ರಿ,” ಎಂದಳು ಸಂಘ ನಡೆಸುವ ಫಕೀರವ್ವ. “ಈ ವರ್ಷನೂ ಹಂಗ ಆದ್ರ ಸಂಘಾ ಮುಗದಂಗ. ‘ನಮಗ್ಯಾಕ ಬೇಕವಾ ಈ ಉಸಾಬರಿ’ ಅಂತ ಹೆಣ್ಮಕ್ಕಳು ಈಗಽ ಅನ್ನಾಕತ್ತಾರ.”

ಫಕೀರವ್ವನಿಗೆ ಈ ಮನುಷ್ಯ ಸಿಕ್ಕಿದ್ದು ರಾಯಾಪುರದಲ್ಲಿ. ಹುಬ್ಬಳ್ಳಿ ರಸ್ತೆಯ ಬದಿಗೆ ಅಹಮದಸಾಬರ ಪಂಕ್ಚರ್ ಅಂಗಡಿಯಿದೆ. ಟ್ರ್ಯಾಕ್ಟರ್ ಟ್ಯೂಬು ತಂದವಳು ಗೋಡೆಗೆ ತೂಗುಹಾಕಿದ್ದ ಈಟಿ ನೋಡಿ ಇದೇನು ಕಾಕಾ ಎಂದು ಕೇಳಿದಳು. ಈಚೆಗೆ ಅದನ್ನು ಕೇಳಿದವರೇ ಇರಲಿಲ್ಲವಾದ್ದರಿಂದ ಕಾಕಾ ಆ ದಿನ ಕೆಲಸ ಬದಿಗಿಟ್ಟು ಕಥೆ ಹೇಳಿದರು.

ಆ ಕಥೆ ಶುರುವಾಗುವುದು ಕಾರವಾರದಲ್ಲಿ. ಹದಿನೆಂಟರ ಹುಡುಗ ಅಹಮದ ಲಾರಿಯ ಕ್ಲೀನರ್ ಆಗಿ ಹೋಗಿದ್ದಾಗ, ಯಾರೋ ಹೊರದೇಶದವನೊಬ್ಬ ಮುಖಕ್ಕೆ ಗಾಜು ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ, ಕೋಲಿನ ತುದಿಯಲ್ಲಿ ಮೀನು ಚುಚ್ಚಿಕೊಂಡು ಎದ್ದದ್ದನ್ನು ದೂರದಿಂದ ಕಂಡ. ಅಷ್ಟೇ. ಊರಿಗೆ ಬಂದವನು ಟ್ಯೂಬು ಕತ್ತರಿಸಿ, ಕಣ್ಣಿಗೊಂದೊಂದು ಗಾಜು ಕೂರಿಸಿ, ಬಿಗಿಯಾಗಿ ಕಟ್ಟಿಕೊಂಡು ತೋಟದ ಬಾವಿಯ ತಳಕ್ಕಿಳಿದ. ಮೇಲೆ ಬಂದಾಗ ಎರಡೂ ಕಣ್ಣು ಕೆಂಡ. ಬೇಸಿಗೆಯ ದಿನ, ಕಣ್ಣುಬೇನೆ ಎಂದು ಓಣಿಯವರೆಲ್ಲ ದೂರ ಸರಿದರು. ಅವನು ಕೆಲಸಕ್ಕಿದ್ದ ಗ್ಯಾರೇಜಿನ ಮಾಲೀಕ ವಾರಗಟ್ಟಲೆ ಒಳಗೆ ಬಿಡಲಿಲ್ಲ.

“ಟ್ಯೂಬಿಗೆ ಗಾಳಿ ಹೊಡಿಯೋ ಮನಶಾ ನಾನು, ನನಗಽ ತಿಳೀಲಿಲ್ಲ ನೋಡ್ರಿ,” ಎನ್ನುತ್ತಾರೆ. “ಕೆಳಗ ಹೋದಂಗ ನೀರು ಒತ್ತತೈತಿ. ಕನ್ನಡಕದಾಗಿನ ಗಾಳಿ ಕುಗ್ಗಿ ಕಣ್ಣು ಹಿಡದ ಜಗ್ಗತೈತಿ. ಮೂಗೂ ಒಳಗ ಇದ್ರ ಉಫ್ ಅಂತ ಗಾಳಿ ಬಿಡಬಹುದು. ದೂರಿಂದ ನೋಡಿದ್ದಕ್ಕ ಆ ಪರದೇಶಿ ಮೂಗು ಮುಚ್ಚಿದ್ದು ಕಂಡಿದ್ದಿಲ್ಲ!”

ಮೂಗಿಗೂ ಜಾಗ ಕೊಟ್ಟ ಮುಖವಾಡ ತಯಾರಾಯಿತು. ಗ್ಯಾರೇಜಿನ ಮೂಲೆಯ ಸರಳು ಮಸೆದು ಈಟಿಯಾಯಿತು. ಚಿಮ್ಮಿಸಲು ಟ್ಯೂಬಿನದೇ ರಬ್ಬರು. ನಮ್ಮ ಕಡೆ ಈಜು ಕಲಿಸುವವರು ಬೆನ್ನಿಗೆ ಬೆಂಡು ಕಟ್ಟುತ್ತಾರೆ. ಈ ಮಹಾರಾಯರು ಸೊಂಟಕ್ಕೆ ಕಲ್ಲು ಕಟ್ಟಿ, ಜಗ್ಗಿದರೆ ಬಿಚ್ಚುವ ಗಂಟು ಹಾಕಿ, ಆಸೆಪಟ್ಟು ಬಂದವರಿಗೆಲ್ಲ ಮುಳುಗುವುದನ್ನು ಕಲಿಸಿದರು. ಬೇಸಿಗೆಯ ಭಾನುವಾರಗಳಲ್ಲಿ ಬಾವಿಯ ತಳಕ್ಕೆ ಹಿತ್ತಾಳೆ ತಂಬಿಗೆ ಎಸೆದು, ತಂದವರಿಗೆ ಮಿರ್ಚಿ-ಚುರುಮುರಿ. ಯಾರಿಂದಲೂ ಒಂದು ಪೈಸೆ ಮುಟ್ಟಲಿಲ್ಲ. ಸಮುದ್ರವಿಲ್ಲದ ಊರಲ್ಲಿ ಹೀಗೊಂದು ಆಟ ಹುಟ್ಟುಹಾಕಿದವರನ್ನು ಊರು ಹೊಗಳಬೇಕಿತ್ತು. ಬದಲಿಗೆ, ಪಂಕ್ಚರ್ ಟ್ಯೂಬು ಮುಳುಗಿಸಿ ಮುಳುಗಿಸಿ ಇವನ ತಲೆಯೇ ಪಂಕ್ಚರ್ ಆಗಿದೆ ಎಂದು ಆಡಿಕೊಂಡಿತು. ನನಗೆ ಇದನ್ನು ಕೇಳಿ ಸಿಟ್ಟು ಬಂತು, ಅವರಿಗೆ ನಗು ಬಂತು.

ಹೆಂಡತಿ ಬಿಬಿಜಾನರಿಗೆ ಮಾತ್ರ ಆ ನಗುವಿನ ಇನ್ನೊಂದು ಮಗ್ಗುಲು ಗೊತ್ತು. “ಹೊರಗ ನಗತಾರ್ರಿ. ‘ನಾ ಕಲತದ್ದು ಯಾರಿಗೂ ಉಪಯೋಗ ಬರಲಿಲ್ಲ’ ಅಂತ ಮನ್ಯಾಗ ಎಷ್ಟ ಸಲ ಅಂದಾರೋ,” ಎಂದು ಅವರು ನನ್ನೊಡನೆ ಹೇಳಿದ್ದರು.

ಬಿಸಿಲು ಬಂಡೆಯ ಮೇಲಿಂದ ನೀರಿಗಿಳಿಯುತ್ತದೆ. ಅಹಮದಸಾಬರು ಉಸಿರು ತುಂಬಿಕೊಂಡು ಸದ್ದಿಲ್ಲದೆ ಮುಳುಗುತ್ತಾರೆ. ದಂಡೆಯಲ್ಲಿ ನಾನೂ ಉಸಿರು ಹಿಡಿದು ನೋಡಿದೆ, ಅರ್ಧಕ್ಕೇ ಸೋತೆ. ಮೊದಲ ಸಲ ಬರಿಗೈ. ಎರಡನೆಯ ಸಲ ಈಟಿ ಕಲ್ಲಿಗೆ ಬಡಿದು ತುದಿ ಬಾಗುತ್ತದೆ. ದಂಡೆಗೆ ಕೂತು ಸುಧಾರಿಸಿಕೊಳ್ಳುತ್ತಲೇ ಅದನ್ನು ಕಲ್ಲಿನಿಂದ ಕುಟ್ಟಿ ನೆಟ್ಟಗೆ ಮಾಡುತ್ತಾರೆ.

“ಸಾಕೋ ಮಾರಾಯಾ, ನಾಳೆ ನೋಡೂಣಂತ,” ಎಂದರು ಗುರುಶಿದ್ದಪ್ಪ.

“ಇವತ್ತ ಬಿಟ್ಟ ಮರಿ ನಾಳೆ ಇರಂಗಿಲ್ಲಲೇ,” ಎಂದವರೇ ಮತ್ತೆ ಇಳಿದರು.

ಈ ಸಲ ತಡವಾಗುತ್ತದೆ. ಹಗ್ಗ ಒಮ್ಮೆ ಜಗ್ಗುತ್ತದೆ. ಫಕೀರವ್ವ ಸೆರಗು ಬಾಯಿಗಿಟ್ಟುಕೊಳ್ಳುತ್ತಾಳೆ. ನೀರೊಳಗಿಂದ ಕೆಸರಿನ ಮೋಡವೊಂದು ಏಳುತ್ತದೆ, ಹಗ್ಗ ಎರಡು ಸಲ ಜಗ್ಗುತ್ತದೆ. “ಎಳೀರವಾ!” ಎಂದು ಗುರುಶಿದ್ದಪ್ಪ ಒದರುತ್ತಾರೆ. ಸಂಘದ ಹೆಂಗಸರೆಲ್ಲ ಓಡಿಬಂದು ಹಗ್ಗಕ್ಕೆ ಕೈ ಹಾಕುತ್ತಾರೆ. ಮೊದಲು ಅಹಮದಸಾಬರ ಬಿಳಿತಲೆ, ಬೆನ್ನಲ್ಲೇ ಅವರ ತೋಳಿನುದ್ದದ ಕರಿ ಮೀನು, ಬಾಲ ಬಡಿಯುತ್ತ. ಖಣಿಯ ಗೋಡೆಗಳೆಲ್ಲ ಹೋ ಎನ್ನುವಂತೆ ಹೆಂಗಸರು ಕೂಗುತ್ತಾರೆ. ಪೆನ್ನು ಜೇಬಿಗಿಟ್ಟು ನಾನೂ ಕೂಗಿದೆ, ಸುಳ್ಳೇಕೆ ಹೇಳಲಿ.

ಗಾಡಿ ಬಂದಾಗ ಅಹಮದಸಾಬರು ಟವೆಲ್ ಹೊದ್ದು ಚಹಾ ಕುಡಿಯುತ್ತಿದ್ದರು. ಫಕೀರವ್ವ ಮರಿಗಳ ಮೊದಲ ಚೀಲವನ್ನು ಅವರ ಕೈಗೇ ಕೊಟ್ಟು, “ಕಾಕಾ, ನೀವಽ ಬಿಡ್ರಿ,” ಎಂದಳು. ಮರಿಗಳು ಹೊಸ ನೀರಿಗೆ ಹೊಂದಲೆಂದು ಚೀಲವನ್ನು ಸ್ವಲ್ಪ ಹೊತ್ತು ನೀರಲ್ಲಿ ತೇಲಿಬಿಟ್ಟು, ಆಮೇಲೆ ಅದರ ಬಾಯಿ ಬಿಚ್ಚಿದರು. ಎಳೆ ಮರಿಗಳು ಬೆಳ್ಳಗೆ ಮಿನುಗುತ್ತ ಚದುರಿದವು. ಅವು ಕಾಣದಾಗುವ ತನಕ ಅವರು ಮೊಣಕಾಲು ನೀರಲ್ಲಿ ನಿಂತೇ ಇದ್ದರು.

ಹೇಗನಿಸುತ್ತಿದೆ ಎಂದು ಕೇಳಿದೆ. ಅವರು ಫಕೀರವ್ವನ ಕಡೆ ಬೆರಳು ತೋರಿಸಿದರು.

“ಐವತ್ತು ವರ್ಷ ಆತ್ರಿ, ನಾ ನೀರಿಗಿಳದಾಗೊಮ್ಮೆ ದಂಡಿಮ್ಯಾಲಿನವರು ‘ಮ್ಯಾಲ ಬಾರೋ ಹುಚ್ಚಾ’ ಅಂತ ಒದರತಿದ್ರು. ‘ಕಾಕಾ, ಒಳಗ ಇಳೀರಿ’ ಅಂದಾಕಿ ಈಕಿ ಒಬ್ಬಾಕೀನ.”